ಓದೋಕೆ ಹೋಗಿ, ಆದರೆ ಮೊದಲು ಇದನ್ನು ವಿಚಾರಿಸಿ

ಹೈಸ್ಕೂಲ್ ಗಣಿತ ಟೀಚರ್ ಆಗೋಕೆ ಹೊರದೇಶದಲ್ಲಿ ಓದೋದು ದುಡ್ಡು ದಂಡ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ನಾನು ಮೂಡಿಗೆರೆ ಕಡೆ ಗಣಿತ ಕಲಿಸುತ್ತೇನೆ. ನನ್ನ ತಂಗಿ ಮಗಳು ಇಂಗ್ಲೆಂಡಿನಲ್ಲಿ ಒಂದು ವರ್ಷದ ಪಿಜಿಸಿಇ, ಅಂದರೆ ಡಿಗ್ರಿ ಆದಮೇಲೆ ಮಾಡುವ ಟೀಚರ್ ತರಬೇತಿ, ಮುಗಿಸಿದ್ದಾಳೆ. ಅದರಲ್ಲಿ ಹೆಚ್ಚಿನ ದಿನ ಶಾಲೆಯಲ್ಲೇ ಇದ್ದು, ಕಲಿಸುತ್ತಾ ಕಲಿಯಬೇಕು. ಪಾಠ ಮುಗಿದ ಮೇಲೆ ಹಿರಿಯ ಟೀಚರ್ ಜೊತೆ ಕೂತು, ಯಾವ ಮಗು ಎಲ್ಲಿ ಎಡವಿತು ಅಂತ ಮಾತಾಡುತ್ತಿದ್ದರಂತೆ.

ಹೋದ ಸಲ ಅವಳು ರಜೆಗೆ ಊರಿಗೆ ಬಂದಾಗ ನನ್ನ ಕ್ಲಾಸಿಗೆ ಬಂದಿದ್ದಳು. ಒಬ್ಬ ಹುಡುಗ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಅಂತ ಬರೆದಿದ್ದ. ಅವಳು ಸೂತ್ರ ಹೇಳಲೇ ಇಲ್ಲ. ಆ ಹುಡುಗನ ಮನೆಯ ಕಾಫಿ ಒಣಗಿಸುವ ಕಣವನ್ನು ಬೋರ್ಡಿನ ಮೇಲೆ ಚೌಕವಾಗಿ ಬರೆಸಿ, ಪ್ರತಿ ಬದಿಯೂ ಎ, ಬಿ ಅಂತ ಎರಡು ಭಾಗ ಆಗುವ ಹಾಗೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಸಿದಳು. ತನ್ನ ಉತ್ತರದಲ್ಲಿ ಬಿಟ್ಟುಹೋಗಿದ್ದ ಎರಡು ಎಬಿ ತುಂಡನ್ನು ಅವನೇ ಬೆರಳಿಟ್ಟು ತೋರಿಸಿದ. ಎಷ್ಟೋ ವರ್ಷ ನಾನು ಅದನ್ನು ಸುಮ್ನೆ ಬಾಯಿಪಾಠ ಮಾಡಿಸಿದ್ದೆ, ಆವತ್ತು ತುಂಬಾ ನೋವಾಯ್ತು.

ಖರ್ಚು ಜಾಸ್ತಿ ಅನ್ನೋದು ನಿಜ. ಫಿನ್ಲೆಂಡ್ ಕೂಡ 2017ರಿಂದ ನಮ್ಮಂಥವರಿಗೆ ಫೀಸು ಹಾಕುತ್ತಿದೆ. ಹೋಗುವ ಮಕ್ಕಳೇ, ವಾಪಸ್ ಬಂದರೆ ಆ ಪದವಿಯನ್ನು ಇಲ್ಲಿನ ಎರಡು ವರ್ಷದ ಬಿ.ಎಡ್.ಗೆ ಸಮ ಅಂತ ಒಪ್ಪುತ್ತಾರಾ ಅಂತ ಅರ್ಜಿ ಹಾಕೋ ಮುಂಚೆಯೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.