ಗುಳೆಯ ಹಂಗಾಮಿನಲ್ಲಿ ಯಾದಗಿರಿಯ ಜನಗಣತಿ

ಕಲಬುರಗಿಯಿಂದ ಬೇರ್ಪಟ್ಟು 2009ರ ಕೊನೆಯಲ್ಲಿ ರಾಜ್ಯದ ಮೂವತ್ತನೆಯ ಜಿಲ್ಲೆಯಾದ ಯಾದಗಿರಿಯ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ 11,74,271. ಐದರಲ್ಲಿ ಸುಮಾರು ನಾಲ್ಕು ಪಾಲು ಜನ ಹಳ್ಳಿಗಳವರು. ಆರಂಭದಲ್ಲಿ ಮೂರೇ ಇದ್ದ ತಾಲ್ಲೂಕುಗಳು ಗುರುಮಠಕಲ್, ಹುಣಸಗಿ, ವಡಗೇರಾ ಸೇರಿ ಆರಾದವು. ತಹಶೀಲ್ದಾರರ ಕುರ್ಚಿಗಳು ಹೆಚ್ಚಿದವು, ಆದರೆ ಪಡಿತರದ ಪ್ರಮಾಣದಿಂದ ಹಿಡಿದು ಗ್ರಾಮ ಪಂಚಾಯಿತಿಯ ಸದಸ್ಯಬಲದವರೆಗೆ ಎಲ್ಲದಕ್ಕೂ ಆಧಾರ ಮಾತ್ರ ಅದೇ 2011ರ ಲೆಕ್ಕ. 2021ರಲ್ಲಿ ಆಗಬೇಕಿದ್ದ ಜನಗಣತಿಯ ತಲೆ ಎಣಿಕೆ ಈಗ 2027ರ ಫೆಬ್ರುವರಿಗೆ ನಿಗದಿಯಾಗಿದೆ. ವಿಳಂಬದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ನನ್ನ ತಕರಾರು ಆ ತಿಂಗಳಿನ ಬಗ್ಗೆ.

ತೊಗರಿಯ ರಾಶಿ ಮುಗಿದು, ಹತ್ತಿ ಬಿಡಿಸಿ ಆದ ಮೇಲೆ ಜಿಲ್ಲೆಯ ಮಳೆಯಾಶ್ರಿತ ಊರುಗಳಲ್ಲಿ ಕೂಲಿ ಸಿಗುವುದಿಲ್ಲ. ನಾರಾಯಣಪುರದ ಕಾಲುವೆ ನೀರು ತಲುಪುವ ಸುರಪುರ, ಶಹಾಪುರದ ಭಾಗಗಳಲ್ಲಿ ಸ್ಥಿತಿ ಸ್ವಲ್ಪ ಮೇಲು. ಉಳಿದ ಕಡೆ ಜನ ಬೆಂಗಳೂರು, ಹೈದರಾಬಾದು, ಪುಣೆ ಎಂದು ಗುಳೆ ಹೊರಡುತ್ತಾರೆ. ಹಂಚು, ಜೋಳದ ಹಿಟ್ಟಿನ ಚೀಲ, ಕಂಕುಳಲ್ಲಿ ಕೂಸು ಸಮೇತ ಬಸ್ ಹತ್ತಿದ ಕುಟುಂಬ ಮುಂಗಾರು ಬಿತ್ತನೆಯ ಹೊತ್ತಿಗೆ ಮರಳುತ್ತದೆ. ಫೆಬ್ರುವರಿಯಲ್ಲಿ ಅಂಥ ಮನೆಗೆ ಬೀಗ ಬಿದ್ದಿರುತ್ತದೆ, ಇಲ್ಲವೇ ಒಬ್ಬ ಅಜ್ಜಿ ಮತ್ತು ಶಾಲೆ ಬಿಡಿಸಲಾಗದ ಮೊಮ್ಮಕ್ಕಳು ಇರುತ್ತಾರೆ.

ಎಣಿಕೆಯ ಇಡೀ ಅವಧಿಯಲ್ಲಿ ಊರಲ್ಲಿಲ್ಲದವರನ್ನು ಆ ಊರಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವರು ಇದ್ದಲ್ಲಿಯೇ ಎಣಿಕೆಯಾಗಬೇಕು ಎಂಬುದು ಜನಗಣತಿಯಲ್ಲಿ ಪಾಲಿಸಿಕೊಂಡು ಬಂದ ನಿಯಮ. ಒಬ್ಬರೇ ಎರಡು ಕಡೆ ಲೆಕ್ಕವಾಗಬಾರದೆಂಬ ದೃಷ್ಟಿಯಿಂದ ಈ ನಿಯಮ ಸರಿಯೇ, ಅದನ್ನು ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗಿ, ಬೆಳಗಾಗುವ ಮುಂಚೆ ಕೆಲಸಕ್ಕೆ ಇಳಿಯುವವರನ್ನು ನಗರದ ಗಣತಿದಾರರು ತಪ್ಪದೆ ಎಣಿಸುತ್ತಾರೆ ಎಂಬ ಭರವಸೆ ನನಗಿಲ್ಲ. ಎಣಿಸಿದರೂ ಅವರು ಆ ವಾರ್ಡಿನ ಅಂಕಿಯಾಗುತ್ತಾರೆಯೇ ಹೊರತು ಅಲ್ಲಿಯ ಮತದಾರರಾಗುವುದಿಲ್ಲ. ಪಂಚಾಯಿತಿ ಚುನಾವಣೆ ಬಂದಾಗ ಬಸ್ ಖರ್ಚು ಕೊಟ್ಟು ಇದೇ ಜನರನ್ನು ಊರಿಗೆ ಕರೆಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮತಕ್ಕೆ ಬೇಕಾದವರು ಗಣತಿಗೆ ಬೇಡವಾದರೆ ಹೇಗೆ?

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಒಂದು ಪಂಚಾಯಿತಿಯಿಂದ ತಲಾ ನಾಲ್ವರ ಇನ್ನೂರು ಕುಟುಂಬಗಳು ಗುಳೆ ಹೋಗಿವೆ ಎಂದುಕೊಂಡರೆ, ಆ 800 ಮಂದಿಯ ಗೈರುಹಾಜರಿ ಎಂದರೆ ಎರಡು ಸ್ಥಾನ ನಷ್ಟ. ಆರೋಗ್ಯ ಉಪಕೇಂದ್ರಕ್ಕೆ ಬಯಲು ಸೀಮೆಯಲ್ಲಿ 5,000 ಜನ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬ ಮಾನದಂಡವಿದೆ. ಈ ಮಿತಿಯ ಅಂಚಿನಲ್ಲಿರುವ ಊರುಗಳು ಕೆಲವೇ ನೂರು ತಲೆಗಳ ಕೊರತೆಯಿಂದ ಇಂಥ ಕೇಂದ್ರಗಳನ್ನು ಕಳೆದುಕೊಳ್ಳುತ್ತವೆ. ಸಾಕ್ಷರತೆಯಲ್ಲಿ 2011ರಲ್ಲಿ ರಾಜ್ಯದಲ್ಲೇ ಕೊನೆಗಿದ್ದ, ಹಿಂದುಳಿದ ಜಿಲ್ಲೆಗಳಿಗಾಗಿ ಕೇಂದ್ರ ಮಾಡಿರುವ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿರುವ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 (ಜೆ) ವಿಧಿಯ ವ್ಯಾಪ್ತಿಗೂ ಬರುವ ಜಿಲ್ಲೆಗೆ ಇಂಥ ನಷ್ಟ ತಾಳಿಕೊಳ್ಳುವಂಥದ್ದಲ್ಲ.

ನಿಯಮದೊಳಗೇ ಮಾಡಬಹುದಾದ ಕೆಲಸವಿದೆ. ಜಿಲ್ಲೆಯಲ್ಲಿ ಜನಗಣತಿಯ ಹೊಣೆ ಜಿಲ್ಲಾಧಿಕಾರಿಗಳದ್ದು. ಯಾವ ಓಣಿಯ ಯಾರು ಎಲ್ಲಿಗೆ ಹೋಗಿದ್ದಾರೆ ಎಂಬುದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಕಚೇರಿಗಿಂತ ಚೆನ್ನಾಗಿ ಗೊತ್ತು. ಜನವರಿಯೊಳಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಅವರ ನೆರವಿನಿಂದ ಊರುವಾರು ಗುಳೆ ಪಟ್ಟಿ ಸಿದ್ಧಪಡಿಸಲಿ; ಮೇಸ್ತ್ರಿಯ ಫೋನ್ ನಂಬರ್ ಸಿಕ್ಕರೆ ಕೆಲಸದ ಜಾಗ ಸಿಕ್ಕಂತೆಯೇ. ಜಿಲ್ಲಾಡಳಿತ ಆ ಜಾಗಗಳ ವಿವರವನ್ನು ಆಯಾ ನಗರದ ಗಣತಿ ಅಧಿಕಾರಿಗಳಿಗೆ ಕಳುಹಿಸಿದರೆ ಶೆಡ್ಡುಗಳು ಲೆಕ್ಕದಿಂದ ಜಾರುವುದಿಲ್ಲ. ಅದೇ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ದಾಖಲಿಸಿಟ್ಟರೆ, ಮುಂದೆ ಉಪಕೇಂದ್ರವನ್ನೋ ಶಾಲಾ ಕೊಠಡಿಯನ್ನೋ ಕೇಳುವಾಗ ಜನಗಣತಿಯ ಅಂಕಿಯ ಪಕ್ಕದಲ್ಲಿ ಇಡಲು ಪಂಚಾಯಿತಿಗೂ ಒಂದು ಕಾಗದವಿರುತ್ತದೆ.