ಕೈ ಯಾರದ್ದು ಸ್ವಾಮಿ?

ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡಿದ್ದೇ ತಪ್ಪಾಯ್ತು. ಸಮಾಧಿಗೆ ಮೊಣಕೈ ಊರಿ, ಒಂದು ತಲೆಬುರುಡೆ ಮೇಲೆ ಕೈಯಿಟ್ಟು, ಏನೋ ಯೋಚನೆ ಮಾಡ್ತಾ ನಿಂತ ಅಸ್ಥಿಪಂಜರ ಗೊತ್ತಲ್ವಾ? ಅದನ್ನು ಯಾರೋ ಹಾಕಿದ್ದರು. ಕೆಳಗೆ, "1543ರಲ್ಲಿ ವೆಸಾಲಿಯಸ್ ಬರೆದ ಚಿತ್ರ". ಲೈಕುಗಳ ಮಳೆ.

ಮಾರಾಯ್ರೇ, ದೇಹದ ಒಳರಚನೆ ತಿಳಿಯೋಕೆ ಹೆಣ ಕೊಯ್ದದ್ದು ವೈದ್ಯ ವೆಸಾಲಿಯಸ್, ಒಪ್ಪಿದೆ. ಚಿತ್ರ ಬರೆದ ಕೈ ಬೇರೆಯವರದ್ದು. ಕಾಲ್ಕರ್ ಎಂಬ ಕಲಾವಿದ ಇರಬೇಕು ಅಂತಾರೆ, ಜಗಳ ಇನ್ನೂ ಮುಗಿದಿಲ್ಲ. ಯಾಕೆ ಮುಗಿದಿಲ್ಲ? ಈ ಚಿತ್ರ ಬಂದದ್ದು ವೆಸಾಲಿಯಸ್‌ನ ದೇಹರಚನೆಯ ಪುಸ್ತಕದಲ್ಲಿ, ಅಷ್ಟು ದಪ್ಪದ ಪುಸ್ತಕದಲ್ಲಿ ಆ ಕಲಾವಿದನ ಹೆಸರೇ ಇಲ್ಲ! ಚಿತ್ರ ಕೊರೆದ ಮರದ ಅಚ್ಚುಗಳು ವೆನಿಸ್‌ನಿಂದ ಆಲ್ಪ್ಸ್ ಬೆಟ್ಟ ದಾಟಿ ಅಚ್ಚಾಗೋಕೆ ಬಾಸೆಲ್ ಊರಿಗೆ ಹೋದವು. ಹೆಸರು ಮಾತ್ರ ದಾಟಲಿಲ್ಲ. ಮೇಲಿಂದ, ಈ ಕಲಾವಿದರ ಸಿಡುಕು ಹೆಣಗಳಿಗಿಂತ ಜಾಸ್ತಿ ಗೋಳು ಹೊಯ್ದುಕೊಂಡಿತು ಅಂತ ವೆಸಾಲಿಯಸ್ ಆಮೇಲೆ ಗೊಣಗಿದ್ದಾನೆ. ಸಿಡುಕದೆ ಇನ್ನೇನು ಮಾಡ್ತಾರೆ?

"ಜ್ಞಾನ ವೈದ್ಯನದ್ದು, ಕಲಾವಿದ ಕಂಡದ್ದನ್ನು ಬರೆದ ಅಷ್ಟೇ" ಅಂತ ಈಗ ಯಾರಾದರೂ ಬರ್ತೀರಿ. ಬನ್ನಿ. ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಹತ್ತಿರ ಹೋಗೋಣ.

ವೈದ್ಯ ಹೆನ್ರಿ ಗ್ರೇ ಬರೆದ ದೇಹರಚನೆಯ ಪುಸ್ತಕ, 1858ರ 'ಗ್ರೇಸ್ ಅನಾಟಮಿ'ಯ ಚಿತ್ರಗಳೆಲ್ಲ ಇವನ ಕೈಯವು. ಇವನೂ ವೈದ್ಯನೇ, ಗ್ರೇ ಜೊತೆ ನಿಂತು ತಾನೂ ಹೆಣ ಕೊಯ್ದವನು. ಅಚ್ಚಿನ ಮರದ ಮೇಲೆ ಎಡಬಲ ತಿರುಗಿಸಿ ಬರೆಯಬೇಕಿತ್ತು. ಒಂದು ನರ ತಪ್ಪಿದರೂ ಕಥೆ ಮುಗೀತು. ಆಗಿನ ಎಷ್ಟೋ ಪುಸ್ತಕಗಳಲ್ಲಿ ಚಿತ್ರದ ಪಕ್ಕ a, b, c ಇರುತ್ತಿತ್ತು. ಅರ್ಥ ಹುಡುಕೋಕೆ ಕಣ್ಣು ಬೇರೆ ಕಡೆ ಓಡಬೇಕು. ಕಾರ್ಟರ್ ಮಾತ್ರ ಆಯಾ ಸ್ನಾಯುವಿನ ಹೆಸರನ್ನು ಅದರ ಮೇಲೇ, ಅದರ ಉದ್ದಕ್ಕೇ ಬರೆದ. ನಕ್ಷೆಯಲ್ಲಿ ನದಿಯ ಹೆಸರು ನದಿ ಜೊತೆಗೇ ಬಾಗುತ್ತಾ ಹೋಗುತ್ತಲ್ಲ, ಹಾಗೆ. ಇದು ಬರೀ ಕಂಡದ್ದನ್ನು ಬರೆದದ್ದಾ?

ಸಿಕ್ಕಿದ್ದೇನು? ಗ್ರೇಗೆ ಪ್ರತಿ ಸಾವಿರ ಪ್ರತಿಗೆ 150 ಪೌಂಡ್. ಕಾರ್ಟರ್‌ಗೆ ಒಂದೇ ಸಲ 150 ಪೌಂಡ್, ಕೈ ಮುಗಿದ ಹಾಗೆ. ಶೀರ್ಷಿಕೆ ಪುಟದ ಪ್ರೂಫ್ ಬಂದಾಗ, ಕಾರ್ಟರ್ ಹೆಸರಿನ ಅಕ್ಷರ ಸಣ್ಣದು ಮಾಡಿ ಅಂತ ಗ್ರೇ ಗುರುತು ಹಾಕಿದ. ಅಷ್ಟರಲ್ಲಿ ಕಾರ್ಟರ್ ಬಾಂಬೆಗೆ ಹೊರಟುಹೋಗಿದ್ದ. ಅಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ, ಕುಷ್ಠರೋಗದ ಮೇಲೆ ಕೆಲಸ ಮಾಡಿದ. ಪುಸ್ತಕಕ್ಕೆ ಇವತ್ತಿಗೂ ಗ್ರೇ ಹೆಸರೇ.

ಎಲ್ಲರೂ ಹೀಗಲ್ಲ ಬಿಡಿ. 1747ರಲ್ಲಿ ಬಂದ ದೇಹರಚನೆಯ ಪುಸ್ತಕದಲ್ಲಿ ವೈದ್ಯ ಆಲ್ಬಿನಸ್ ತನ್ನ ಕಲಾವಿದ ವಾಂಡೆಲಾರ್‌ಗೆ ಅಸ್ಥಿಪಂಜರದ ಹಿಂದೆ ಖಡ್ಗಮೃಗ ಬರೆಯೋಕೂ ಬಿಟ್ಟ. ನನಗೆ ಮೂತ್ರಪಿಂಡದ ಹಿಂದೆ ಒಂದು ಗುಬ್ಬಿ ಬರೆಯೋಕೂ ಯಾರೂ ಬಿಟ್ಟಿಲ್ಲ.

ಹೌದು, ಹೊಟ್ಟೆಕಿಚ್ಚೂ ಇದೆ. ಇಷ್ಟು ವರ್ಷ ಪಾಠದ ಪುಸ್ತಕಗಳಿಗೆ ಹೃದಯ, ಕಿವಿ, ಕರುಳು ಬರೆದಿದ್ದೇನೆ, ಎಲ್ಲೂ ನನ್ನ ಹೆಸರಿಲ್ಲ. ಆದರೆ ನಿಜ ಹೇಳಿಬಿಡ್ತೀನಿ. ನನ್ನ ಮೊದಲ ಕೆಲಸ ಅಂಗೈಯ ರಕ್ತನಾಳಗಳ ಚಿತ್ರ. ಕಾರ್ಟರ್‌ನದನ್ನೇ ಕೆಳಗಿಟ್ಟು ತೆಳು ಕಾಗದದಲ್ಲಿ ಎತ್ತಿಕೊಂಡೆ, ಬಣ್ಣ ತುಂಬಿದೆ, ದುಡ್ಡು ಇಸಕೊಂಡೆ. ಅವನ ಹೆಸರು ಹಾಕಿದೆನಾ? ಸುಮ್ನಿದ್ದೆ.

ಇರಲಿ. ಆ ಪೋಸ್ಟಿನ ಕೆಳಗೆ ಇದನ್ನೆಲ್ಲ ಬರೆದೆ. ಉತ್ತರವಾಗಿ ಒಂದು ಹಳದಿ ಹೆಬ್ಬೆರಳು ಬಂತು. ಪುಟ್ಟದು, ನೀಟಾಗಿದೆ, ಉಗುರು ಮಾತ್ರ ಇಲ್ಲ. ಅದನ್ನು ಬರೆದವರು ಯಾರೋ.