ಅರಿಶಿನದ ಕೊಂಬು ಬೇರೆ ಮದ್ದು, ಬೇರಿನ ಗೆಡ್ಡೆ ಬೇರೆ ಮದ್ದು

ನಮ್ಮಲ್ಲಿ ಅರಿಶಿನಕ್ಕೆ ಲೆಕ್ಕ ಇಟ್ಟವರಿಲ್ಲ. ಕೆಮ್ಮು ಬಂದರೆ ಹಾಲಿಗೆ, ಕೈ ಕುಯ್ದುಕೊಂಡರೆ ಗಾಯಕ್ಕೆ, ಮಧ್ಯಾಹ್ನ ಹುಳಿಗೆ, ಎಲ್ಲಕ್ಕೂ ಅದೇ ಡಬ್ಬಿ. ಸಿಂಗಾಪುರದ ಚೈನಾಟೌನಿನ ಮದ್ದಿನಂಗಡಿಗಳಲ್ಲಿ ನೋಡಿದ ರೀತಿಯೇ ಬೇರೆ, ಅದು ನನಗೆ ತುಂಬಾ ಹಿಡಿಸಿದೆ.

ಚೀನೀ ವೈದ್ಯದಲ್ಲಿ ಅರಿಶಿನದ ಕೊಂಬಿಗೆ ಜಿಯಾಂಗ್ ಹುವಾಂಗ್ ಅಂತಾರೆ. ಉಷ್ಣ. ಹೆಗಲು, ತೋಳು ಹಿಡಿದುಕೊಂಡಿದ್ದರೆ, ಮುಟ್ಟಿನ ನೋವಿದ್ದರೆ ಕೊಡ್ತಾರೆ. ಅದೇ ಗಿಡದ ಬೇರಿನ ತುದಿಯಲ್ಲಿ ಊದಿಕೊಂಡಿರುವ ಪುಟ್ಟ ಗೆಡ್ಡೆ ಯೂ ಜಿನ್. ಇದು ತಂಪು, ಪಕ್ಕೆ ನೋವಿಗೆ, ಕಾಮಾಲೆಗೆ, ಮನಸ್ಸಿನ ಬೇಗುದಿಗೆ. ಬೇಯಿಸಿ ಒಣಗಿಸಿ ಹೆಚ್ಚಿದ ಬಿಲ್ಲೆಗಳು ಕೋಡಿನ ಹಾಗೆ ಗಟ್ಟಿ, ಸ್ವಲ್ಪ ಮಿರುಗುತ್ತವೆ. ಅರಿಶಿನದ ಹತ್ತಿರದ ಬೇರೆ ಜಾತಿಗಳ ಗೆಡ್ಡೆಯೂ ಇದೇ ಹೆಸರಲ್ಲಿ ಬರುತ್ತದೆ. ಎರಡು ಹೆಸರೂ 659ರಲ್ಲಿ ಟ್ಯಾಂಗ್ ಅರಸರು ಬರೆಸಿದ ಔಷಧಿ ಗ್ರಂಥದಲ್ಲೇ ಇವೆ.

ಮೂರನೆಯದು ಎ ಜು, ನಮ್ಮ ಕಚೋರದ ದಾಯಾದಿ. ಹೊಟ್ಟೆಯಲ್ಲಿ ಗಂಟು, ಅಜೀರ್ಣ ಅಂದರೆ ಇದು. ಎಷ್ಟೋ ಸಲ ವಿನೆಗರ್‌ನಲ್ಲಿ ಬೇಯಿಸಿ ಕೊಡ್ತಾರೆ, ಆಗ ಅದು ಪಿತ್ತಜನಕಾಂಗದ ಕಡೆ ಕೆಲಸ ಮಾಡುತ್ತೆ ಅನ್ನೋದು ಅವರ ನಂಬಿಕೆ. ಪ್ರಮಾಣ 6ರಿಂದ 9 ಗ್ರಾಂ, ಬಸುರಿಗೆ ಕೊಡುವ ಹಾಗೇ ಇಲ್ಲ. ನಮ್ಮೂರ ಗ್ರಂಧಿಗೆ ಅಂಗಡಿಯಲ್ಲಿ ಕಚೋರ ಸಿಗುತ್ತೆ, ಆದರೆ ಜಾಸ್ತಿ ಜನಕ್ಕೆ ಅದು ಸ್ನಾನದ ಪುಡಿಗೆ ಹಾಕುವ ಘಮದ ಗೆಡ್ಡೆ ಅಷ್ಟೇ.

ಯೂ ಜಿನ್ ಜತೆ ಲವಂಗ ಸೇರಿಸಬಾರದು ಅಂತಲೂ ಅವರಲ್ಲಿ ಹಳೆಯ ಕಟ್ಟುಪಾಡಿದೆ. ನಾವೋ ಕಷಾಯಕ್ಕೆ ಅರಿಶಿನ, ಲವಂಗ ಎರಡನ್ನೂ ಒಟ್ಟಿಗೆ ಸುರಿಯುತ್ತೇವೆ! ಅವರ ನಿಷೇಧವನ್ನು ಹಾಗೇ ಎತ್ತಿಕೊಳ್ಳಿ ಅಂತ ನಾನು ಹೇಳಲ್ಲ, ಉಷ್ಣ ತಂಪಿನ ವಿವರಣೆಯನ್ನೆಲ್ಲ ನಾನೂ ಒಪ್ಪಲ್ಲ. ಆದರೆ ಗಿಡದ ಯಾವ ಭಾಗ, ಎಷ್ಟು, ಯಾರಿಗೆ ಕೂಡದು ಅಂತ ಕೇಳಿ ತೂಗಿ ಕೊಡುವ ಅಭ್ಯಾಸ ನಮ್ಮ ಆಯುರ್ವೇದ ಪಂಡಿತರಲ್ಲೂ ಇತ್ತು, ಮನೆಗಳಲ್ಲಿ ಮಾತ್ರ 'ಗಿಡಮೂಲಿಕೆ ತಾನೇ, ಏನೂ ಆಗಲ್ಲ' ಅನ್ನೋದು ಉಳಿದುಕೊಂಡಿದೆ.

ಹುಳಿ, ಸಾರಿನ ಚಿಟಿಕೆ ಅರಿಶಿನದ ಬಗ್ಗೆ ನನ್ನ ತಕರಾರಿಲ್ಲ. ಈಗ ಊರಲ್ಲೂ ದಿನಾ ನುಂಗುತ್ತಿರುವ ಅರಿಶಿನದ ಕ್ಯಾಪ್ಸೂಲ್‌ಗಳದ್ದೇ ನನಗೆ ಚಿಂತೆ. ಸಾರವನ್ನು ಬೇರ್ಪಡಿಸಿ ತೆಗೆದು, ಮೈಗೆ ಬೇಗ ಹತ್ತಲಿ ಅಂತ ಕಾಳುಮೆಣಸಿನ ಸತ್ವ ಸೇರಿಸಿರುತ್ತಾರೆ. ಇಂಥವುಗಳಿಂದ ಅಪರೂಪಕ್ಕೆ ಪಿತ್ತಜನಕಾಂಗ ಕೆಡಬಹುದು ಅಂತ 2023ರಲ್ಲಿ ಆಸ್ಟ್ರೇಲಿಯಾದ ಔಷಧಿ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಅಪ್ಪ ಅಮ್ಮ ಇದನ್ನು ತಗೊಳ್ತಾ ಇದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಿಪಿ, ಶುಗರ್ ಮಾತ್ರೆಗಳ ಜತೆ ಆ ಡಬ್ಬಿಯನ್ನೂ ತೋರಿಸಲಿ, ರಕ್ತ ತೆಳು ಮಾಡುವ ಮಾತ್ರೆ ನಡೀತಿದ್ದರಂತೂ ಖಂಡಿತ.